ಫ್ರಿಜ್ಜಿನಲ್ಲಿಟ್ಟಿದ್ದ ಇಂಜೆಕ್ಷನ್

ಡಬ್ಬಿ ಖಾಲಿ!

ಎದೆ ಹಿಡಿದುಕೊಂಡು ಬಂದಿದ್ದ ಎಣ್ಣೆ ಮಿಲ್ಲಿನ ಜಯಣ್ಣನಿಗೆ ಆಗಿದ್ದು ಬರೀ ಗ್ಯಾಸ್. ಬದುಕಿಕೊಂಡ. ಆದರೆ ತನಗೆ ಹಾರ್ಟ್ ಅಟ್ಯಾಕ್ ಆದರೆ ಇರಲಿ ಎಂದು ಅವನೇ ದಾವಣಗೆರೆಯಿಂದ ತರಿಸಿ, ಚಳ್ಳಕೆರೆಯ ಈ ನರ್ಸಿಂಗ್ ಹೋಮಿನ ಫ್ರಿಜ್ಜಿನಲ್ಲಿ ಇಡಿಸಿದ್ದ ಇಂಜೆಕ್ಷನ್ ಮಾಯವಾಗಿತ್ತು.

"ಕದ್ದೋರು ಯಾರೇ ಇರ್ಲಿ, ಕೆಲಸದಿಂದ ತೆಗೀಬೇಕು!" ಎಂದು ಜಯಣ್ಣ ಕೂಗಾಡಿದ.

ತನಿಖೆಗೆ ಬಂದವರು ದಫೇದಾರ್ ಹೊನ್ನೂರಸ್ವಾಮಿ. ಹೋದ ತಿಂಗಳು ಹಾರ್ಟ್ ಅಟ್ಯಾಕ್ ಆಗಿ ಇಲ್ಲೇ ಮಲಗಿ ಎದ್ದವರು.

ಮೊದಲ ಅನುಮಾನ ಫ್ರಿಜ್ ಮೆಕ್ಯಾನಿಕ್ ರಸೂಲ್ ಸಾಬ್ ಮೇಲೆ.

"ಅಲ್ಲಾ ಕಸಂ ಸಾಬ್, ನೀವು ಡಿಸ್ಚಾರ್ಜ್ ಆದ ದಿನ ರಿಪೇರಿ ಮಾಡಿದ್ದು. ಆ ಡಬ್ಬಿ ಆಗ್ಲೇ ಖಾಲಿ ಇತ್ತು."

ಜಯಣ್ಣ ಅದನ್ನು ಇಡಿಸಿದ್ದು ದಫೇದಾರರು ಅಡ್ಮಿಟ್ ಆಗುವ ಹಿಂದಿನ ದಿನ. ಅಂದರೆ ಕಳ್ಳತನ ಆಗಿದ್ದು ಅವರು ಒಳಗೇ ಮಲಗಿದ್ದಾಗ. ಪೊಲೀಸಿನವನ ಮೂಗಿನಡಿಯಲ್ಲೇ! ಅವರಿಗೆ ಮೈಯೆಲ್ಲ ಉರಿಯಿತು.

*

"ಆ ಔಷಧಿ ಏನು ಮಾಡ್ತೈತೆ ಡಾಕ್ಟ್ರೇ?"

"ಹೃದಯದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುತ್ತೆ," ಎಂದರು ಡಾಕ್ಟರ್ ಮಹಾಂತೇಶ. "ಬೇಗ ಕೊಟ್ರೆ ಹೃದಯ ಉಳಿಯುತ್ತೆ. ಆದ್ರೆ ಒಸಡಲ್ಲೂ ರಕ್ತ ಬರಬಹುದು. ಹಲ್ಲುಜ್ಜೋಕೂ ಬಿಡಲ್ಲ."

ದಫೇದಾರರ ಕೈ ಬಾಯಿಗೆ ಹೋಯಿತು. ಇಲ್ಲಿ ಮಲಗಿದ್ದಾಗ ಅವರು ಹಲ್ಲುಜ್ಜಲು ಹಿಡಿದಿದ್ದ ಬೇವಿನ ಕಡ್ಡಿಯನ್ನು ನರ್ಸ್ ರಾಧಮ್ಮ ಕಸಿದುಕೊಂಡಿದ್ದಳು.

"ನನಗೂ ಅದನ್ನೇ ಕೊಟ್ರಾ?"

"ಮತ್ತೆ? ನಮ್ಮದು ಅಂತ ಸ್ಟಾಕ್ ಇರ್ಲಿಲ್ಲ. ಚೀಟಿ ಬರೆದುಕೊಟ್ಟೆ. ನಿಮ್ಮ ಮನೆಯವರು ತಂದ್ರು ಅಂತ ರಾಧಮ್ಮ ಹೇಳಿದ್ಲು."

ಔಷಧಿ ತರುವುದು ರೋಗಿಯ ಕಡೆಯವರ ಕೆಲಸ. ಇಲ್ಲಿನ ರೂಢಿಯೇ ಅದು.

*

"ನಾನೆಲ್ಲಿ ತಂದೆ?" ಎಂದಳು ಹೆಂಡತಿ ಕೊಲ್ಲಾಪುರಮ್ಮ. "ಈ ಊರಾಗೆ ಸಿಗಲ್ಲ ಅಂದ್ರು. ಚೀಟಿ ಹಿಡ್ಕಂಡು ಅಳ್ತಾ ಕುಂತಿದ್ದೆ. ರಾಧಮ್ಮ ಬಂದು, 'ಒಳಗೇ ಸಿಕ್ತು, ಅಳಬ್ಯಾಡ' ಅಂದ್ಲು. ಅವಳ ಹೊಟ್ಟೆ ತಣ್ಣಗಿರ್ಲಿ."

*

ಎರಡು ದಿನ ಬಿಟ್ಟು ದಫೇದಾರರು ಎಲ್ಲರನ್ನೂ ನರ್ಸಿಂಗ್ ಹೋಮಿನಲ್ಲಿ ಸೇರಿಸಿದರು.

"ಜಯಣ್ಣಾರೇ, ಮಾಲು ಪತ್ತೆ ಆತು."

"ಎಲ್ಲೈತೆ?"

ಹೊನ್ನೂರಸ್ವಾಮಿ ತಮ್ಮ ಎದೆ ಮುಟ್ಟಿ ತೋರಿಸಿದರು. "ನನ್ನ ಹೆಂಡ್ತಿ ತಂದ್ಲು ಅಂದ್ಕಂಡ್ರು ಡಾಕ್ಟ್ರು. ಆಸ್ಪತ್ರೇದು ಅಂದ್ಕಂಡ್ಲು ನನ್ನ ಹೆಂಡ್ತಿ. ಇಬ್ರ ನಡುವೆ ಇದ್ದೋಳು ರಾಧಮ್ಮ ಒಬ್ಳೇ."

ರಾಧಮ್ಮ ಜಯಣ್ಣನ ಕಡೆ ತಿರುಗಿದಳು. "ನೀವು ಮೊಳಕಾಲ್ಮೂರಿಗೆ ಹೋಗಿದ್ರಿ ಸಾವ್ಕಾರ್ರೇ, ಕೇಳಾಕೆ ಆಗ್ಲಿಲ್ಲ. ಕಾದಿದ್ರೆ ಇವರು ಉಳೀತಿರ್ಲಿಲ್ಲ. ಆಮೇಲೆ ಹೇಳಾಕೆ ಧೈರ್ಯ ಬರ್ಲಿಲ್ಲ."

ದಫೇದಾರರು ಐಸು ತುಂಬಿದ ಥರ್ಮಾಸಿನಿಂದ ಹೊಸ ಇಂಜೆಕ್ಷನ್ ತೆಗೆದು ಜಯಣ್ಣನ ಮುಂದಿಟ್ಟರು. "ಇದು ನಿಮ್ದು. ಅವಳ ಕೆಲಸ ತೆಗೀಬ್ಯಾಡ್ರಿ."

ಸಾವಿನ ಭಯ ಏನೆಂದು ಜಯಣ್ಣನಿಗೂ ಈಗ ಗೊತ್ತಿತ್ತು. ಇಂಜೆಕ್ಷನ್ ಎತ್ತಿ ರಾಧಮ್ಮನ ಕೈಗೆ ಕೊಟ್ಟ.

"ಫ್ರಿಜ್ಜಿನಾಗೆ ಇಡಮ್ಮ," ಎಂದ. "ನನ್ನ ಹೆಸರು ಬರೀಬ್ಯಾಡ. ಯಾರಿಗೆ ಮೊದ್ಲು ಬೇಕೋ ಅವರಿಗೆ ಕೊಡು."

ಹೊನ್ನೂರಸ್ವಾಮಿಯ ಕಣ್ಣು ತುಂಬಿತು. ಟೋಪಿ ತೆಗೆದು ರಾಧಮ್ಮನಿಗೆ ಕೈ ಮುಗಿದರು. "ನೀನು ಕೊಟ್ಟ ಜೀವ ಇದು, ತಾಯಿ."

"ಹಂಗಾದ್ರೆ ಜೇಬಿನಾಗಿರೋ ಬೀಡಿಕಟ್ಟು ಇತ್ಲಾಗೆ ಕೊಡ್ರಿ," ಎಂದು ಅವಳು ಕೈ ಚಾಚಿದಳು.

ಇಡೀ ಕೇಸಿನಲ್ಲಿ ಜಪ್ತಿಯಾಗಿದ್ದು ಅದೊಂದೇ.