ಗ್ರಾಹಕರಿಗೂ ಕಾಣುವ ಟಿಪ್ಪಣಿ

"ಇದನ್ನ ಬರ್ದಿದ್ದು ನೀವೇನಾ?"

ಆಫೀಸಿನಲ್ಲಿ ಅವಳ ಮೇಜಿನ ಮೇಲೆ ಒಂದು ಕಾಗದ ಬಂದು ಬಿತ್ತು. ಅವಳು ತಲೆ ಎತ್ತಿದಳು. ಮುಖ ಹೊಸದು... ಆದರೆ ಆ ದನಿ! ಎಂಟು ತಿಂಗಳಿಂದ ಫೋನಿನಲ್ಲಿ ಕೇಳಿದ್ದ ದನಿ. ಬುಕ್ ಬೈಂಡಿಂಗ್ ಅಂಗಡಿಯವನು!

ಕಾಗದ ಕತ್ತರಿಸುವ ಯಂತ್ರವನ್ನು ಅವಳ ಕಂಪನಿಯಿಂದ ಕಂತಿನಲ್ಲಿ ಕೊಂಡವನು. ಬೆಳಗಾದರೆ ಸಾಫ್ಟ್‌ವೇರು ಬಾಕಿದಾರರ ಪಟ್ಟಿ ಹಿಡಿದು ಕೂತಿರುತ್ತದೆ. ಬಾಕಿ ವಸೂಲಿಗೆ ಅವಳು ದಿನಕ್ಕೆ ಅರವತ್ತು ಕರೆ ಮಾಡಬೇಕು, ಅರವತ್ತು ಬೈಗುಳ ಕೇಳಬೇಕು. ಸಂಜೆಗೆ ಗಂಟಲೂ ಇಲ್ಲ, ಜೀವವೂ ಇಲ್ಲ. ಅಷ್ಟು ಜನರಲ್ಲಿ "ಊಟ ಆಯ್ತಾ ನಿಮ್ದು?" ಎಂದು ಕೇಳುತ್ತಿದ್ದವನು ಇವನೊಬ್ಬನೇ. "ಆಯ್ತು" ಎಂದು ಅವಳು ಪ್ರತಿಸಲ ಸುಳ್ಳು ಹೇಳುತ್ತಿದ್ದಳು.

ಪ್ರತಿ ಕರೆಯ ನಂತರ ಸಾಫ್ಟ್‌ವೇರಿನಲ್ಲಿ ಟಿಪ್ಪಣಿ ಬರೆಯಬೇಕು. ಅವಳು ಬರೆದ ಸಾಲುಗಳೇ ಈಗ ಕಾಗದದ ಮೇಲಿದ್ದವು.

'ಅಮ್ಮ ಆಸ್ಪತ್ರೆಯಲ್ಲಿ. ಈ ವಾರ ಕಾಡಬಾರದು.'

'ಕೆಮ್ಮು ಇನ್ನೂ ಹೋಗಿಲ್ಲ. ಔಷಧಿ ತಗೊಂಡರೋ ಇಲ್ಲವೋ.'

'ಇನ್ನೊಂದೇ ಕಂತು. ಆಮೇಲೆ ಪಟ್ಟಿಯಲ್ಲಿ ಇವರಿರಲ್ಲ... ಅದಕ್ಕೆ ನನಗ್ಯಾಕೆ ಬೇಜಾರು?'

'ಗ್ರಾಹಕರಿಗೂ ಕಾಣಲಿ' ಎಂಬಲ್ಲಿನ ಟಿಕ್ ತೆಗೆದರಷ್ಟೇ ಟಿಪ್ಪಣಿ ಆಫೀಸಿನೊಳಗೆ ಉಳಿಯುವುದು. ಎಲ್ಲರ ಖಾತೆಯಲ್ಲೂ ತೆಗೆದಿದ್ದಳು, ಇವನದೊಂದರಲ್ಲಿ ಮರೆತಿದ್ದಳು!

'ಮುಗೀತು ನನ್ನ ಕಥೆ. ಕೆಲಸ ಹೋಯ್ತು. ಇನ್ನು ಅಕ್ಕನ ಮನೇಲಿ ಬಿಟ್ಟಿ ಊಟ, ಭಾವನ ಉಪದೇಶ...'

"ಸರ್, ದಯವಿಟ್ಟು ದೂರು ಕೊಡ್ಬೇಡಿ. ಈಗ್ಲೇ ಅಳಿಸ್ತೀನಿ."

"ಅಳಿಸಿದ್ರೆ ದೂರು ಕೊಡ್ತೀನಿ!"

ಅವಳು ಕಣ್ಣರಳಿಸಿದಳು. ಅವನು ಎದುರಿನ ಕುರ್ಚಿಯಲ್ಲಿ ಕುಸಿದು ಕೂತ. ಅವನ ಉಗುರುಗಳಲ್ಲಿ ಅಂಟು ಒಣಗಿತ್ತು.

"ಅಮ್ಮನಿಗೆ ಹುಷಾರಿಲ್ದಾಗ ಅಂಗಡೀನೇ ಮುಚ್ಚೋಣ ಅಂದ್ಕೊಂಡಿದ್ದೆ. ಬಾಕಿ ಎಷ್ಟಿದೆ ಅಂತ ಫೋನಲ್ಲಿ ಖಾತೆ ತೆಗೆದ್ರೆ ನಿಮ್ಮ ಸಾಲು ಕಾಣ್ತು. ಆಮೇಲೆ ಬಾಕಿ ನೋಡೋದು ಬರೀ ನೆಪ ಆಯ್ತು."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಬಾಕಿ ಇಟ್ಕೊಂಡವನು ಯಾವ ಮುಖ ಇಟ್ಕೊಂಡು ಹೇಳ್ಲಿ? ದುಡ್ಡು ತಪ್ಪಿಸೋಕೆ ನಾಟಕ ಅಂದ್ಕೊಂಡ್ರೆ? ಈಗ ಕೊನೇ ಕಂತು ಕಟ್ಟಿ ಬಂದೆ."

ಅವಳು ಪರದೆ ನೋಡಿದಳು. ಪಟ್ಟಿಯಲ್ಲಿ ಅವನಿರಲಿಲ್ಲ. ಎಂಟು ತಿಂಗಳ ದಣಿವೆಲ್ಲ ಒಟ್ಟಿಗೇ ಕಣ್ಣಿಗೆ ಬಂತು.

"ಇನ್ನು ನಿಮಗೆ ಫೋನ್ ಮಾಡೋಕೆ ನನಗೆ ಕಾರಣಾನೇ ಇಲ್ಲ..."

"ನನಗೆ ನೀವಂದ್ರೆ ಇಷ್ಟ. ಈ ಕಾರಣ ಸಾಲ್ದಾ?"

ಅವಳು ಕಣ್ಣೊರೆಸಿಕೊಂಡು ಅವನ ಖಾತೆ ತೆರೆದಳು, ಟಿಕ್ ಇದೆಯೆಂದು ಎರಡು ಸಲ ನೋಡಿಕೊಂಡು ಒಂದು ಸಾಲು ಬರೆದಳು. ಅವನ ಜೇಬಿನಲ್ಲಿ ಫೋನು ಸದ್ದು ಮಾಡಿತು.

'ಬಾಕಿ ಇಲ್ಲ. ಆದರೂ ದಿನಾ ಕರೆ ಮಾಡಬೇಕು.'

ಅವನು ಓದಿ ನಕ್ಕ. "ಊಟ ಆಯ್ತಾ ನಿಮ್ದು?"

"ಇಲ್ಲ," ಎಂದಳು ಅವಳು. "ನೀವು ಕೇಳಿದಾಗ ಒಂದು ದಿನಾನೂ ಆಗಿರ್ಲಿಲ್ಲ."

"ಗೊತ್ತಿತ್ತು. ಏಳಿ, ಹೋಗೋಣ."