ಅರ್ಧಕ್ಕೆ ನಿಂತ ಆನೆ

ದಾನೇಶ್ವರಿ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಜೇಡ ಕಸೂತಿ ಹಾಕುತ್ತಿತ್ತು. ಅಂಗೈಯಗಲದ ಆ ಯಂತ್ರ ಎಂಟು ಕಾಲೂರಿ ಬಟ್ಟೆಯ ಮೇಲೆ ನಡೆಯುತ್ತ, ಎಳೆ ಎಣಿಸಿ ಸೂಜಿ ಇಳಿಸುವುದು ಧಾರವಾಡದ ಓಣಿಗಳಲ್ಲಿ ಈಗ ಮನೆಮನೆಯ ಸದ್ದು. ಆ ಸದ್ದು ತಟ್ಟನೆ ನಿಂತಿತು.

ಹಿಟ್ಟಿನ ಕೈಯಲ್ಲೇ ಓಡಿದಳು. ತಂಗಿಯ ಮದುವೆಯ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಆನೆ ಅರ್ಧಕ್ಕೇ ನಿಂತಿತ್ತು. ಸಂಜೆಗೆ ಸೀರೆ ಮದುವೆ ಮನೆ ಸೇರಬೇಕು. ಜೇಡವನ್ನು ಬಾಡಿಗೆಗೆ ಕೊಟ್ಟ ಸಂಸ್ಥೆಯ ಬರಹ ಅದರ ಬೆನ್ನಿನ ಪರದೆಯ ಮೇಲೆ ಮೂಡಿತ್ತು: ಚಂದಾ ಮುಗಿದಿದೆ. ಮುಂದುವರಿಸಿದರೆ ಇಲ್ಲಿ ಬರೆದ ಚಿತ್ರಗಳೆಲ್ಲ ಸಂಸ್ಥೆಯ ಸ್ವತ್ತು. ಒಪ್ಪಿಗೆಯೇ?

ಆ ಆನೆ ತೀರಿಹೋದ ಅವ್ವ ಬರೆದದ್ದು. ಒಪ್ಪಿಗೆಯ ಗುಂಡಿಯವರೆಗೆ ಹೋದ ಬೆರಳು ಹಿಂದೆ ಬಂತು. ಮಗಳು ಇಬ್ಬನಿಯನ್ನು ನಫೀಸಾ ಅಕ್ಕನ ಮನೆಗೆ ಅಟ್ಟಿದಳು. ಜೇಡವನ್ನು ರೂಪಿಸಿ, ಆಮೇಲೆ ಸಂಸ್ಥೆಯೊಡನೆ ಜಗಳವಾಡಿ ಹೊರಬಂದ ವಿಜ್ಞಾನಿ ಅವರು.

ನಫೀಸಾ ಬಂದವರೇ ಜೇಡಕ್ಕೆ ಬೇರೆ ತಂತ್ರಾಂಶ ತುಂಬಿದರು. "ಇದಕ್ಕ ಬಾಡಿಗಿ ಇಲ್ಲ, ಕೀಲಿ ಇಲ್ಲ. ಎಲ್ಲಾರೂ ಕೂಡಿ ಕಟ್ಟಿದ್ದು. ಚಿತ್ರದ ಗೆರಿನ ಚುಕ್ಕಿ ಚುಕ್ಕಿ ಮಾಡಿ ಇಡಂಗಿಲ್ಲ, ಗಣಿತದ ಸೂತ್ರ ಮಾಡಿ ಇಡತೈತಿ. ಎಷ್ಟು ಹಿಗ್ಗಿಸಿದ್ರೂ ಒಡಿಯಂಗಿಲ್ಲ."

ಅವ್ವ ಬರೆದ ಚಿತ್ರ ಮಾತ್ರ ಸಂಸ್ಥೆಯ ಕೀಲಿ ಬಿದ್ದು ಪರದೆಯ ಮೇಲೆ ತೆರೆಯಲಿಲ್ಲ. ಅವಳ ಹಳೆಯ ಕುಪ್ಪಸದ ಮೇಲಿನ ಆನೆಯನ್ನು ಜೇಡ ನೋಡಿಕೊಂಡು, ಚಿಂದಿಯೊಂದರ ಮೇಲೆ ಹಾಕಿ ತೋರಿಸಿತು. ದಾನೇಶ್ವರಿ ಚಿಂದಿ ಮಗುಚಿದಳು. "ಅಕ್ಕಾರ, ಹಿಂದ ಬರೇ ಗಂಟು! ಕಸೂತಿ ಅಂದ್ರ ಎರಡೂ ಕಡೆ ಒಂದ ಥರ ಕಾಣಬೇಕು. ಬೀಗರು ಮೊದಲ ಸೀರಿ ಹೊಳ್ಳಿಸೇ ನೋಡತಾರ."

"ಸೂಜಿ ಹೋಗೋ ದಾರಿ ಕಲಿಸೀವಿ, ಹೊಳ್ಳಿ ಬರೋ ದಾರಿ ಮರತೀವಿ," ನಫೀಸಾ ತಲೆ ಕೆರೆದುಕೊಂಡರು. "ಸಂಸ್ಥೆ ಅದನ್ನ ನಿಮ್ಮವ್ವನಂಥವರ ಕೈ ನೋಡೇ ಕಲ್ತಿತ್ತು. ನೀವು ಕೈಲೆ ಹಾಕಿದ್ರ ಇದೂ ನೋಡಿ ಕಲೀತೈತಿ. ಆಮ್ಯಾಲೆ ಎಲ್ಲಾರಿಗೂ ಸಿಗತೈತಿ."

"ಎಲ್ಲಾರಿಗೂ ಅಂದ್ರ ಆ ಸಂಸ್ಥೆಗೂ?"

"ಹೌದು. ಆದ್ರ ಅವರಿಗೆ ಇದಕ್ಕ ಕೀಲಿ ಹಾಕಾಕ ಬರಂಗಿಲ್ಲ. ಮೊದಲ ಒಲಿ ಆರಸ್ರಿ ಮಾರಾಯ್ತಿ, ರೊಟ್ಟಿ ಇದ್ದಲಿ ಆಗೇತಿ."

ಸಂಸ್ಥೆಯ ತಂತ್ರಾಂಶವನ್ನೇ ಮರಳಿ ತುಂಬಿ ಒಪ್ಪಿಗೆಯ ಗುಂಡಿ ಒತ್ತಿದರೆ ಗಂಟಿಲ್ಲದ ಸೀರೆ ಸಂಜೆಗೆ ಸಿದ್ಧ. ಕೈಯಲ್ಲಿ ಹಾಕಿದರೆ ಮುಗಿಯುತ್ತದೋ ಇಲ್ಲವೋ. ದಾನೇಶ್ವರಿ ಎದ್ದಳು, ಒಲೆ ಆರಿಸಿದಳು, ಕಿಟಕಿಯವರೆಗೆ ಹೋದಳು, ತಿರುಗಿ ಬಂದಳು. ಕಡೆಗೆ ಕೈ ತೊಳೆದು ಸೂಜಿ ಪೋಣಿಸಿ ಕುಳಿತಳು. ಜೇಡ ಅವಳ ಬೆರಳಿನ ಪಕ್ಕ ಕಣ್ಣು ನೆಟ್ಟು ನಿಂತಿತು. ಹೋದ ದಾರಿಯಲ್ಲೇ ದಾರ ಮರಳಿ ಬಂದು ಆನೆಯ ಬೆನ್ನು ತುಂಬತೊಡಗಿತು.

ಪರದೆಯ ಮೇಲೆ ಕೀಲಿ ಬಿದ್ದ ಚಿತ್ರವನ್ನೇ ದಿಟ್ಟಿಸುತ್ತಿದ್ದ ಇಬ್ಬನಿ ತಾಯಿಯ ಮೊಣಕಾಲಿಗೆ ಒರಗಿದಳು.

"ಅವ್ವಾ, ಆನಿ ಬರದಾಕಿ ಅಜ್ಜಿ. ಅದನ್ನ ತೆರದು ನೋಡಾಕ ನಾವ್ಯಾಕ ಇನ್ನೊಬ್ಬರ ಅಪ್ಪಣಿ ಕೇಳಬೇಕು?"