ಲೇಕ್ ಮಾರ್ಕೆಟ್ಟಿನ ಬೆಣ್ಣೆಹಣ್ಣು

ಎರಡನೇ ಚಮಚ ಬಾಯಿಗಿಟ್ಟ ರಂಗನಾಥರು ಮೇಜಿನ ಮೇಲೆಯೇ ಕವುಚಿ ಬಿದ್ದರು. ಬಾಯಲ್ಲಿ ನೊರೆ. ತಟ್ಟೆಯಲ್ಲಿ ಅರ್ಧ ಬೆಣ್ಣೆಹಣ್ಣು.

ಅದನ್ನು ಕೊಯ್ದು ಕೊಟ್ಟವರು ನನ್ನ ಗಂಡ ಜಯಕರ. 

ಅದು 1971. ಕಲ್ಕತ್ತೆಯ ಲೇಕ್ ಮಾರ್ಕೆಟ್ ಹತ್ತಿರ ನಮ್ಮ ಉಡುಪಿ ಹೋಟೆಲು. ಕೊಡಗಿನ ಬೆಣ್ಣೆಹಣ್ಣಿನ ಬೆಳೆಗಾರರು ಸಂಘ ಕಟ್ಟಿ, ಇಲ್ಲಿ ಮಾರಿಕೊಡಿ ಎಂದು ನನ್ನ ಗಂಡನನ್ನು ನಂಬಿದ್ದರು. ರಂಗನಾಥರು ಚೌರಂಗಿಯ ದೊಡ್ಡ ಹೋಟೆಲಿನ ಮುಖ್ಯ ಬಾಣಸಿಗರು. ರುಚಿ ನೋಡಿ ಅವರು ಒಪ್ಪಿದರೆ ಆ ತೋಟಗಳಿಗೆ ವರ್ಷವಿಡೀ ಗಿರಾಕಿ. ಈಗ ಅವರೇ ಆಸ್ಪತ್ರೆಯಲ್ಲಿ. ಇನ್‌ಸ್ಪೆಕ್ಟರ್ ಸಾನ್ಯಾಲ್ ಪೆಟ್ಟಿಗೆಗಳಿಗೆ ಸೀಲು ಹಾಕಿ ನಮ್ಮವರನ್ನು ಜೀಪಿಗೆ ಹತ್ತಿಸಿದರು. ಈ ಹಣ್ಣೇ ವಿಷವಂತೆ ಎಂದು ಬೀದಿಯೆಲ್ಲ ಗುಲ್ಲು.

* * *

ಮೊದಲ ಅನುಮಾನ ಪಾಡಾದ, ಅಂದರೆ ನಮ್ಮ ಕೇರಿಯ, ಹುಡುಗರ ಮೇಲೆ. ದುರ್ಗಾಪೂಜೆಗೆ ಚಂದಾ ಕೊಡದ್ದಕ್ಕೆ ಬಾಂಬು ಹಾಕುತ್ತೇವೆ ಎಂದಿದ್ದರು. ಆದರೆ ಅವರು ಅಡುಗೆಮನೆಗೆ ಕಾಲಿಟ್ಟವರಲ್ಲ. ಬಾಂಬು ಹಾಕುವವರು ಹೇಳಿಯೇ ಹಾಕುತ್ತಾರೆ, ಕದ್ದು ವಿಷ ಇಕ್ಕುವುದಿಲ್ಲ.

ಎದುರು ಮನೆಯ ಮುರಾರಿ ಓಡಿ ಬಂದ. ನಮ್ಮೂರಿನವನೇ. ರಂಗನಾಥರ ಹೋಟೆಲಿಗೆ ಹಣ್ಣು ಸರಬರಾಜು ಮಾಡುವವನು.

"ಅತ್ತಿಗೆ, ಹೆದರ್ಬೇಡಿ. ನಾನುಂಟು."

ಸಾನ್ಯಾಲರು ಎಂಜಲು ಹಣ್ಣನ್ನು ಕಾಗದದಲ್ಲಿ ಸುತ್ತುವಾಗ ಬಗ್ಗಿ ನೋಡಿದೆ. ತೊಟ್ಟಿನ ಕುಳಿಯಲ್ಲಿ ಸೂಜಿ ಚುಚ್ಚಿದಂಥ ತೂತು. ಸುತ್ತ ಕೆಂಪು ತೌಡು.

 ನಮ್ಮ ಹೋಟೆಲಿನ ಹಣ್ಣು ಮಾಗುವುದು ಒಣಹುಲ್ಲಿನಲ್ಲಿ. ಅಕ್ಕಿಯಲ್ಲಿ ಹುಗಿದು ಮಾಗಿಸುವುದು ನಮ್ಮೂರ ಮನೆಗಳ ಕ್ರಮ. ಆದರೆ ನಮ್ಮಲ್ಲಿರುವುದು ರೇಷನ್ನಿನ ಬಿಳಿ ಅಕ್ಕಿ. ಇಂಥ ತೌಡಿನ ಕೆಂಪು ಕುಚಲಕ್ಕಿ ಈ ಗಲ್ಲಿಯಲ್ಲಿ ಒಂದೇ ಮನೆಯಲ್ಲಿತ್ತು. ಊರಿಂದ ಟ್ರಂಕು ತುಂಬ ತಂದವಳು ಮುರಾರಿಯ ಹೆಂಡತಿ ಕುಸುಮಾವತಿ.

ಹರುಕುಮುರುಕು ಹಿಂದಿಯಲ್ಲಿ ಇದನ್ನು ಸಾನ್ಯಾಲರಿಗೆ ಹೇಳಿದೆ. ಸುಳ್ಳಾದರೆ ನೆರೆಯವನ ಮುಖ ಹೇಗೆ ನೋಡುವುದು? ನಿಜವಾದರೆ ಇನ್ನೂ ಭಯ.

* * *

ಪೊಲೀಸರೊಂದಿಗೆ ಎದುರು ಮನೆಗೆ ಹೋಗಿ, ಮನೆಯಲ್ಲಿ ಬೆಣ್ಣೆಹಣ್ಣು ಉಂಟಾ ಎಂದು ಕುಸುಮಾವತಿಯನ್ನು ಕೇಳಿದೆ. ಇಲ್ಲ ಎಂದು ಮುರಾರಿ ಬಾಯಿ ಹಾಕಿದ. ಅವಳು ಆಗಲೇ ಅಕ್ಕಿ ಡಬ್ಬಕ್ಕೆ ಕೈ ಹಾಕಿ ಒಂದನ್ನು ತೆಗೆದಿದ್ದಳು. ಪಾಪ, ಏನೂ ಅರಿಯದವಳು. ನನ್ನ ಪರವಾಗಿ ಪೊಲೀಸರ ಮೇಲೆಯೇ ರೇಗಿದಳು.

"ಇದು ವಿಷ ಅಂತ ಯಾರು ಹೇಳಿದ್ದು? ನಾನೇ ತಿಂದು ತೋರಿಸ್ತೇನೆ."

ಕೊಯ್ದು ಒಂದು ಹೋಳನ್ನು ಬಾಯಿಗೆತ್ತಿದಳು. ಮುರಾರಿ ಹಾರಿ ಅವಳ ಕೈಗೆ ಹೊಡೆದ.

"ಬೇಡ. ಅದಕ್ಕೂ ಹಾಕಿದ್ದೇನೆ."



ಉಳಿದದ್ದನ್ನು ಅವನೇ ಒಪ್ಪಿಕೊಂಡ. ಮಕ್ಕಳಿಗೆಂದು ನಮ್ಮಿಂದಲೇ ಒಯ್ದ ಕಾಯಿಗಳನ್ನು ಮಾಗಿಸಿ, ಎರಡಕ್ಕೆ ವಿಷ ಚುಚ್ಚಿದ್ದ. ಬೆಳಿಗ್ಗೆ ನಮ್ಮಲ್ಲಿಗೆ ಕಾಫಿಗೆ ಬಂದವನು ಅಡುಗೆಮನೆ ಹೊಕ್ಕು, ರಂಗನಾಥರಿಗೆಂದು ಆರಿಸಿಟ್ಟ ಹಣ್ಣನ್ನು ಬದಲಿಸಿದ. ಒಂದು ಕೈಕೊಟ್ಟರೆ ಇರಲಿ ಎಂದು ಇನ್ನೊಂದನ್ನು ಅಕ್ಕಿಯ ತಳದಲ್ಲಿಟ್ಟಿದ್ದ. ಕೊಡಗಿನ ಹಣ್ಣು ನೇರವಾಗಿ ಬಂದರೆ ದೊಡ್ಡ ಹೋಟೆಲಿನಲ್ಲಿ ತನಗೆ ಜಾಗವಿರುವುದಿಲ್ಲ ಎಂಬ ಹೊಟ್ಟೆಕಿಚ್ಚು.

* * *

ಸಂಜೆ ರಂಗನಾಥರು ಕಣ್ಣು ಬಿಟ್ಟರಂತೆ. ನಮ್ಮವರು ಮನೆಗೆ ಬಂದರು, ಸಾನ್ಯಾಲರೇ ಪೆಟ್ಟಿಗೆಗಳ ಸೀಲು ಒಡೆದರು. ಆದರೆ ಬೀದಿಯವರು ದೂರದಲ್ಲೇ ನಿಂತರು. ಒಬ್ಬರೂ ಮುಟ್ಟದಿದ್ದರೆ ಬೆಳೆಗಾರರ ಗತಿ?

ಹುಲ್ಲಿನಿಂದ ಒಂದು ಹಣ್ಣು ತೆಗೆದು ಎಲ್ಲರೆದುರು ಕೊಯ್ದೆ.  ಸುಳ್ಳೇಕೆ, ನನಗೂ ಹೆದರಿಕೆಯೇ. ಕಣ್ಣು ಮುಚ್ಚಿ ನುಂಗಿದೆ.

 ಆಮೇಲೆ ಸಾನ್ಯಾಲರು ಟೋಪಿ ತೆಗೆದಿಟ್ಟು ಒಂದು ಹೋಳಿಗಾಗಿ ನನ್ನೆದುರು ಕೈ ಚಾಚಿದರು.